ಬಳ್ಳಿಗಾವಿಯ ವಾದಿಗಳೂ ನಮ್ಮೂರ ಚರ್ಚಾಸ್ಪರ್ಧೆಯೂ

ಊರಿನ ಸಂಘವೊಂದು ಚರ್ಚಾಸ್ಪರ್ಧೆಯನ್ನು ಏರ್ಪಡಿಸಬೇಕೆಂದು ನಿಶ್ಚಯಿಸಿದೊಡನೆ ಅದರ ಕಾರ್ಯದರ್ಶಿಗೆ ನೆನಪಾಗುವ ಸಂಗತಿಗಳು ಎಲ್ಲ ಕಡೆಯೂ ಒಂದೇ. ಸಭಾಂಗಣ, ಧ್ವನಿವರ್ಧಕ, ಅಧ್ಯಕ್ಷರು, ಮುಖ್ಯ ಅತಿಥಿಗಳು, ಹೂವಿನ ಹಾರ, ಬಹುಮಾನದ ಬಟ್ಟಲು, ಕಡೆಗೆ ಉಪ್ಪಿಟ್ಟು ಕಾಫಿ. ತೀರ್ಪುಗಾರರ ಮಾತು ಬರುವುದು ಸಾಮಾನ್ಯವಾಗಿ ಹಿಂದಿನ ದಿನ ಸಂಜೆಗೆ. ನಿಯಮಗಳ ಮಾತು ಬರುವುದು ಸ್ಪರ್ಧೆ ಮುಗಿದು ಜಗಳ ಹತ್ತಿಕೊಂಡ ಮೇಲೆ. ಗೆದ್ದವರು ಬಟ್ಟಲು ಹಿಡಿದು ಚಿತ್ರ ತೆಗೆಸಿಕೊಳ್ಳುತ್ತಾರೆ, ಸೋತವರು ತೀರ್ಪುಗಾರರ ಬಂಧುಬಳಗವನ್ನು ಎಣಿಸುತ್ತ ಮನೆಗೆ ಹೋಗುತ್ತಾರೆ. ಚರ್ಚಿಸಿದ ವಿಷಯವೇನಾಯಿತೆಂದು ಕೇಳುವವರು ವಿರಳ.

ಈ ಸ್ಪರ್ಧೆಗಳು ಇಂಗ್ಲಿಷ್ ವಿದ್ಯಾಭ್ಯಾಸದೊಡನೆ ನಮಗೆ ಬಂದವು ಎಂದು ಅನೇಕರು ತಿಳಿದಿದ್ದಾರೆ. ಗಂಟೆ, ಅಂಕಪಟ್ಟಿ, ಪರ್ಯಾಯ ಪಾರಿತೋಷಕ ಮುಂತಾದ ಉಪಕರಣಗಳ ಮಟ್ಟಿಗೆ ಈ ಮಾತು ನಿಜವಿರಬಹುದು. ಆದರೆ ಇಬ್ಬರು ವಿದ್ವಾಂಸರನ್ನು ಎದುರುಬದುರು ಕೂರಿಸಿ, ನಡುವೆ ಸಭೆಯನ್ನಿಟ್ಟು, ಮಾತಿನಿಂದಲೇ ಸೋಲುಗೆಲುವನ್ನು ನಿರ್ಣಯಿಸುವ ಪದ್ಧತಿ ನಮ್ಮ ನೆಲದಲ್ಲಿ ಬಹು ಹಳೆಯದು. ಅದರ ಗುರುತುಗಳನ್ನು ಕಾಣಬೇಕಾದರೆ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳಿಗಿಂತ ಒಳ್ಳೆಯ ಜಾಗ ಸಿಕ್ಕುವುದು ಕಷ್ಟ. ರೈಸ್ ಸಾಹೇಬರು 1902ರಲ್ಲಿ ಶಿಕಾರಿಪುರದ ಶಾಸನಗಳನ್ನೂ 1904ರಲ್ಲಿ ಸೊರಬದ ಶಾಸನಗಳನ್ನೂ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಆ ಪುಟಗಳನ್ನು ತಿರುವಿದರೆ ದಂಡನಾಯಕರ ಪರಾಕ್ರಮ, ಭೂದಾನದ ಎಲ್ಲೆಕಟ್ಟುಗಳು, ತುರುಗೋಳಿನಲ್ಲಿ ಮಡಿದ ವೀರರು ಇವರ ನಡುವೆ ಇನ್ನೊಂದು ಜಾತಿಯ ವೀರರು ಎದುರಾಗುತ್ತಾರೆ. ಅವರ ಆಯುಧ ನಾಲಗೆ. ಅವರಿಗೆ ‘ವಾದಿ’ಗಳೆಂದು ಹೆಸರು.

ಶಿರಾಳಕೊಪ್ಪದ ಹತ್ತಿರವಿರುವ ಬಳ್ಳಿಗಾವಿ ಈಗ ಸಣ್ಣ ಊರು. ಕೇದಾರೇಶ್ವರ, ತ್ರಿಪುರಾಂತಕ ದೇಗುಲಗಳನ್ನು ನೋಡಬಂದವರು ಅರ್ಧ ದಿನದಲ್ಲಿ ಊರನ್ನೆಲ್ಲ ಸುತ್ತಿ ಮುಗಿಸಬಹುದು. ಚಾಲುಕ್ಯರ ಕಾಲದಲ್ಲಿ ಅದು ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿ. ಮಠಗಳೂ ಬ್ರಹ್ಮಪುರಿಗಳೂ ತುಂಬಿದ್ದ ಪಟ್ಟಣ. ಹರಿ, ಹರ, ಕಮಲಾಸನ, ವೀತರಾಗ, ಬುದ್ಧ ಈ ಐವರಿಗೂ ಅಲ್ಲಿ ನೆಲೆಯಿದ್ದುದನ್ನು ಅಲ್ಲಿನ ಶಾಸನವೇ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. 1065ರಲ್ಲಿ ರೂಪಭಟ್ಟಯ್ಯನೆಂಬ ದಂಡನಾಯಕ ಅಲ್ಲಿ ಬೌದ್ಧವಿಹಾರವನ್ನು ಕಟ್ಟಿಸಿದ. ಅಲ್ಲಿ ಪೂಜೆಗೊಳ್ಳುತ್ತಿದ್ದ ದೇವತೆ ತಾರಾಭಗವತಿ. ಐದು ಮತಗಳ ಪಂಡಿತರು ಒಂದೇ ಪೇಟೆಯ ಬೀದಿಯಲ್ಲಿ ದಿನವೂ ಎದುರಾಗುವ ಊರಿನಲ್ಲಿ ವಾದ ನಡೆಯದೆ ಹೇಗಿದ್ದೀತು?

ಇಂಥ ಊರಿನಲ್ಲಿ ಶಕ 957, ಎಂದರೆ ಕ್ರಿ.ಶ. 1035-36ರಲ್ಲಿ, ಚಾಲುಕ್ಯ ಜಗದೇಕಮಲ್ಲ ಜಯಸಿಂಹನು ಪಂಚಲಿಂಗ ದೇವಾಲಯಕ್ಕೆ ಭೂಮಿಯನ್ನು ದಾನಕೊಟ್ಟ. ಅದು ಕಾಳಾಮುಖ ಶೈವರ ಬ್ರಹ್ಮಚಾರಿಸ್ಥಾನ. ಅಲ್ಲಿನ ವಿದ್ಯಾರ್ಥಿಗಳ ಮತ್ತು ತಪಸ್ವಿಗಳ ಅನ್ನಬಟ್ಟೆಗೆಂದು ಕೊಟ್ಟ ದಾನ ಅದು. ದಾನವನ್ನು ಸ್ವೀಕರಿಸಿದವರು ಲಕುಳೀಶ್ವರ ಪಂಡಿತರು. ಅವರ ಬಿರುದು ‘ವಾದಿ ರುದ್ರಗುಣ’. ಶಾಸನಕವಿ ಅವರ ತಪಸ್ಸನ್ನು ಬೇಗ ಮುಗಿಸಿ ಅವರ ವಾದಪಟುತ್ವಕ್ಕೆ ಬರುತ್ತಾನೆ. ಅಲ್ಲಿಂದ ಮುಂದೆ ಉಪಮೆಗಳ ಮಳೆ. ಬೌದ್ಧರು ಕಡಲಾದರೆ ಪಂಡಿತರು ಅದನ್ನು ಸುಡುವ ಬಡಬಾಗ್ನಿ. ಮೀಮಾಂಸಕರು ಬೆಟ್ಟವಾದರೆ ಇವರು ವಜ್ರಾಯುಧ. ಲೋಕಾಯತರು ಮರವಾದರೆ ಇವರು ಅದನ್ನು ಕಡಿಯುವವರು. ಸಾಂಖ್ಯರು ಹಾವಾದರೆ ಇವರು ಗರುಡ. ಆಮೇಲೆ ಹೆಸರು ಹಿಡಿದು ಹೇಳುವ ಸರದಿ. ಅಕಳಂಕನನ್ನು ಸುಟ್ಟವರು, ವಾದೀಭಸಿಂಹನೆಂಬ ಸಿಂಹಕ್ಕೆ ಶರಭವಾದವರು, ವಾದಿರಾಜನ ಬಾಯಿಗೆ ಮುದ್ರೆ ಒತ್ತಿದವರು ಎಂದು ಪಟ್ಟಿ ಬೆಳೆಯುತ್ತದೆ.

ಈ ಪಟ್ಟಿಯನ್ನು ಓದುವವರು ಒಂದು ಕ್ಷಣ ನಿಂತು ಲೆಕ್ಕ ಹಾಕಬೇಕು. ಜೈನ ತರ್ಕಶಾಸ್ತ್ರದ ಮಹಾಚಾರ್ಯನಾದ ಅಕಳಂಕನು ಎಂಟನೆಯ ಶತಮಾನದವನು. ಲಕುಳೀಶ್ವರ ಪಂಡಿತರಿಗೂ ಅವನಿಗೂ ಎರಡು ಶತಮಾನಗಳಿಗೂ ಮಿಕ್ಕ ಅಂತರ. ಅಂದಮೇಲೆ ಇಲ್ಲಿ ಸುಡಲ್ಪಟ್ಟವನು ಅಕಳಂಕನಲ್ಲ, ಅವನ ಗ್ರಂಥ. ಇಲ್ಲವೇ ಆ ಗ್ರಂಥವನ್ನು ಹಿಡಿದುಕೊಂಡು ಬಂದ ಶಿಷ್ಯಪರಂಪರೆಯ ಯಾರೋ ಒಬ್ಬ ಪಂಡಿತ. ವಾದಿರಾಜನ ಸಂಗತಿ ಬೇರೆ. ಆತನು ಸಮಕಾಲೀನ, ‘ಪಾರ್ಶ್ವನಾಥಚರಿತ’ವನ್ನು ಶಕ 947ರಲ್ಲಿ, ಎಂದರೆ 1025ರಲ್ಲಿ, ಬರೆದು ಮುಗಿಸಿದವನು. ಆಗ ಆಳುತ್ತಿದ್ದವನು ಇದೇ ಜಯಸಿಂಹ. ಒಬ್ಬನೇ ಅರಸನ ಆಳ್ವಿಕೆಯಲ್ಲಿ ಇಬ್ಬರೂ ಮಾನ್ಯರಾಗಿದ್ದರು.

ಈಗ ಇನ್ನೊಂದು ಕಲ್ಲಿನ ಮಾತನ್ನು ಕೇಳೋಣ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಪಾರ್ಶ್ವನಾಥ ಬಸದಿಯಲ್ಲಿ ಮಲ್ಲಿಷೇಣ ಮುನಿಯ ಪ್ರಶಸ್ತಿಯಿದೆ. ಅದರ ಕಾಲ 1129. ಅಲ್ಲಿ ಜೈನ ಆಚಾರ್ಯರ ಸಾಲೇ ನಿಂತಿದೆ, ಮತ್ತು ಅವರಲ್ಲಿ ಬಹುಮಂದಿ ವಾದಶೂರರು. ಸಮಂತಭದ್ರನು ಪಾಟಲಿಪುತ್ರದಿಂದ ಕಂಚಿಯವರೆಗೆ ಊರೂರಿನಲ್ಲಿ ವಾದದ ಭೇರಿಯನ್ನು ಬಡಿಯುತ್ತ ಬಂದನೆಂದು ಅದು ಹೇಳುತ್ತದೆ. ಭೇರಿ ಬಡಿಯುವುದೆಂದರೆ ಇಂದಿನ ಮಾತಿನಲ್ಲಿ ಸ್ಪರ್ಧೆಗೆ ಆಹ್ವಾನಪತ್ರಿಕೆ ಹೊರಡಿಸಿದ ಹಾಗೆ. ಎದುರಾಳಿ ಇದ್ದರೆ ಬರಲಿ ಎಂಬ ಸಾರುವಿಕೆ. ಇದೇ ಪ್ರಶಸ್ತಿಯಲ್ಲಿ ವಾದಿರಾಜನೂ ಇದ್ದಾನೆ. ಬಳ್ಳಿಗಾವಿಯ ಕಲ್ಲಿನಲ್ಲಿ ಬಾಯಿಗೆ ಮುದ್ರೆ ಬಿದ್ದಿದ್ದ ವಾದಿರಾಜ ಬೆಳಗೊಳದ ಕಲ್ಲಿನಲ್ಲಿ ಚಾಲುಕ್ಯ ಚಕ್ರವರ್ತಿಯ ರಾಜಧಾನಿಯಲ್ಲಿ ಎದುರಿಲ್ಲದೆ ಮೆರೆಯುತ್ತಾನೆ!

ಹಾಗಾದರೆ ಗೆದ್ದವರು ಯಾರು? ಕಲ್ಲುಗಳನ್ನು ನಂಬುವುದಾದರೆ ಇಬ್ಬರೂ ಗೆದ್ದರು, ಸೋತವರು ಯಾರೂ ಇಲ್ಲ. ಶಾಸನವನ್ನು ಬರೆಸುವುದು ಗೆದ್ದೆನೆನ್ನುವವನ ಮನೆಯವರ ಕೆಲಸವಾಗಿತ್ತು. ಸಭೆಯಲ್ಲಿ ಯಾವ ಪ್ರಶ್ನೆ ಎದ್ದಿತು, ಯಾರು ಯಾವ ಹೇತುವನ್ನು ಕೊಟ್ಟರು, ಯಾವ ಕಾರಣದಿಂದ ತೀರ್ಪು ಹಾಗಾಯಿತು ಎಂಬುದನ್ನು ಬಳ್ಳಿಗಾವಿಯ ಕಲ್ಲೂ ಹೇಳದು, ಬೆಳಗೊಳದ ಕಲ್ಲೂ ಹೇಳದು. ಬೆಂಕಿ, ಸಿಡಿಲು, ಗರುಡ, ಶರಭ ಎಲ್ಲ ಉಳಿದವು. ವಾದ ಮಾತ್ರ ಉಳಿಯಲಿಲ್ಲ. ನಮ್ಮ ಸಂಘಗಳ ವಾರ್ಷಿಕ ವರದಿಗಳು ಈ ವಿಷಯದಲ್ಲಿ ಶಾಸನಗಳ ನೇರ ವಂಶಸ್ಥರು. ಪ್ರಥಮ, ದ್ವಿತೀಯ, ತೃತೀಯ ಎಂದು ಹೆಸರುಗಳಿರುತ್ತವೆ. ಗೆದ್ದವರು ಹೇಳಿದ್ದೇನೆಂಬುದು ಒಂದು ಸಾಲೂ ಇರುವುದಿಲ್ಲ.

ಆದರೆ ನಮ್ಮ ಹಿರಿಯರಿಗೆ ವಾದದ ನಿಯಮಗಳೇ ತಿಳಿದಿರಲಿಲ್ಲವೆಂದು ಎಣಿಸಬಾರದು. ಕಲ್ಲುಗಳು ಬಿಟ್ಟದ್ದನ್ನು ಓಲೆಗರಿಗಳು ಕಾಪಾಡಿವೆ. ಗೌತಮನ ನ್ಯಾಯಸೂತ್ರಗಳು ಮಾತಿನ ಕಾಳಗವನ್ನು ಮೂರು ಬಗೆಯಾಗಿ ವಿಂಗಡಿಸುತ್ತವೆ. ನಿಜವನ್ನು ತಿಳಿಯಲೆಂದು ನಡೆಯುವುದು ವಾದ. ಗೆಲ್ಲಲೇಬೇಕೆಂದು ನಡೆಯುವುದು ಜಲ್ಪ. ತನ್ನದೊಂದು ಪಕ್ಷವೇ ಇಲ್ಲದೆ ಎದುರಾಳಿಯದನ್ನು ಕೆಡಿಸುವುದಕ್ಕೆಂದೇ ನಡೆಯುವುದು ವಿತಂಡ. ಕನ್ನಡಿಗರಿಗೆ ‘ವಿತಂಡವಾದ’ವೆಂಬ ಮಾತು ಮನೆಮಾತಾಗಿರುವುದನ್ನು ನೋಡಿದರೆ ಮೂರರಲ್ಲಿ ಯಾವುದರ ಪರಿಚಯ ನಮಗೆ ಹೆಚ್ಚೆಂಬುದು ತಿಳಿಯುತ್ತದೆ. ಚರಕಸಂಹಿತೆಯೂ ವೈದ್ಯರ ಚರ್ಚೆಯನ್ನು ಎರಡಾಗಿ ಹೇಳುತ್ತದೆ: ಸ್ನೇಹದಿಂದ ಕೂಡಿ ನಡೆಸುವ ಸಂಧಾಯ ಸಂಭಾಷೆ, ಹಗೆಯಿಂದ ನಡೆಸುವ ವಿಗೃಹ್ಯ ಸಂಭಾಷೆ. ಮಾತಿಗಿಳಿಯುವ ಮೊದಲು ಸಭೆ ತಿಳಿದವರದೋ ತಿಳಿಯದವರದೋ, ತನಗೆ ಮಿತ್ರವೋ ತಟಸ್ಥವೋ ಪ್ರತಿಕೂಲವೋ ಎಂದು ನೋಡಿಕೊಳ್ಳಬೇಕೆಂಬ ಎಚ್ಚರಿಕೆಯೂ ಅದರಲ್ಲಿದೆ.

ನ್ಯಾಯಸೂತ್ರಗಳಲ್ಲಿ ‘ನಿಗ್ರಹಸ್ಥಾನ’ಗಳೆಂದು 22 ಸೋಲಿನ ನೆಲೆಗಳನ್ನು ಎಣಿಸಿದೆ. ಹಿಡಿದ ಪ್ರತಿಜ್ಞೆಯನ್ನು ನಡುವೆ ಬಿಟ್ಟವನು ಸೋತ. ಕೊಟ್ಟ ಕಾರಣ ಮುರಿದುಬಿದ್ದಾಗ ಮೆಲ್ಲಗೆ ಇನ್ನೊಂದು ಕಾರಣಕ್ಕೆ ಜಾರಿದವನು ಸೋತ. ಹೇಳಿದ್ದನ್ನೇ ಹೇಳಿದವನು ಸೋತ. ಮೂರು ಸಲ ಹೇಳಿದರೂ ಸಭೆಗೂ ಪ್ರತಿವಾದಿಗೂ ಅರ್ಥವಾಗದಂತೆ ಮಾತನಾಡಿದವನು ಸೋತ. ತುರ್ತು ಕೆಲಸವಿದೆಯೆಂದು ಎದ್ದು ಹೋದವನು ಸೋತ. ತನ್ನ ದೋಷವನ್ನು ತೆಗೆಯದೆ ‘ನಿನ್ನಲ್ಲೂ ಅದೇ ದೋಷವಿದೆ’ ಎಂದವನೂ ಸೋತ. ಈ ಕೊನೆಯದೊಂದನ್ನೇ ನಮ್ಮ ಸಾರ್ವಜನಿಕ ವೇದಿಕೆಗಳಲ್ಲಿ ಜಾರಿಗೆ ತಂದರೆ ಎಷ್ಟು ಭಾಷಣಗಳು ಪೂರ್ಣಗೊಂಡಾವೆಂಬುದನ್ನು ವಾಚಕರೇ ಊಹಿಸಲಿ. ಇವೆಲ್ಲಕ್ಕಿಂತ ಸೊಗಸಾದ ನಿಯಮ ಇನ್ನೊಂದಿದೆ. ಎದುರಾಳಿಯ ಮಾತನ್ನು ಮೂರು ಸಲ ಹೇಳಿಯೂ, ಸಭೆ ಅದನ್ನು ತಿಳಿದುಕೊಂಡೂ, ಅದನ್ನು ತನ್ನ ಬಾಯಿಂದ ತಿರುಗಿ ಹೇಳಲಾರದವನು ಸೋತಂತೆ. ಖಂಡಿಸುವ ಮೊದಲು ಕೇಳಿಸಿಕೊಂಡಿರಬೇಕು ಎಂಬುದು ಇದರ ತಾತ್ಪರ್ಯ.

ತೀರ್ಪುಗಾರರ ವಿಷಯವನ್ನು ಅತ್ಯಂತ ವಿವರವಾಗಿ ಹೇಳಿದವರು ಜೈನ ತಾರ್ಕಿಕರು. ಹನ್ನೆರಡನೆಯ ಶತಮಾನದಲ್ಲಿ ಗುಜರಾತಿನಲ್ಲಿದ್ದ ಶ್ವೇತಾಂಬರ ಆಚಾರ್ಯ ವಾದಿದೇವಸೂರಿಯು ‘ಪ್ರಮಾಣನಯತತ್ತ್ವಾಲೋಕ’ದ ಕಡೆಯ ಪರಿಚ್ಛೇದವನ್ನು ವಾದಸಭೆಗೇ ಮೀಸಲಿಟ್ಟಿದ್ದಾನೆ. ವಾದಕ್ಕೆ ನಾಲ್ಕು ಅಂಗಗಳು: ವಾದಿ, ಪ್ರತಿವಾದಿ, ಸಭ್ಯರು, ಸಭಾಪತಿ. ಸಭ್ಯರೆಂದರೆ ತೀರ್ಪುಗಾರರು. ಅವರು ಎರಡೂ ಪಕ್ಷಗಳ ಸಿದ್ಧಾಂತಗಳನ್ನು ಬಲ್ಲವರಾಗಿರಬೇಕು. ಕೇಳಿದ್ದನ್ನು ನೆನಪಿನಲ್ಲಿ ಇಟ್ಟುಕೊಳ್ಳಬಲ್ಲವರಾಗಿರಬೇಕು. ತಾಳ್ಮೆ, ಪ್ರತಿಭೆ, ನಿಷ್ಪಕ್ಷಪಾತ ಅವರಿಗಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಇಬ್ಬರಿಗೂ ಒಪ್ಪಿಗೆಯಾದವರಾಗಿರಬೇಕು. ಯಾರು ಮೊದಲು ಮಾತನಾಡಬೇಕು, ಯಾರು ಆಮೇಲೆ ಎಂಬುದನ್ನು ಗೊತ್ತುಮಾಡುವುದು, ಇಬ್ಬರ ಮಾತಿನ ಗುಣದೋಷಗಳನ್ನು ತೂಗುವುದು, ಸಮಯ ನೋಡಿ ವಾದವನ್ನು ನಿಲ್ಲಿಸುವುದು, ಫಲವನ್ನು ಸಾರುವುದು ಅವರ ಕೆಲಸ. ಸಭಾಪತಿಗೆ ಪ್ರಜ್ಞೆಯೊಡನೆ ಅಧಿಕಾರವೂ ಕ್ಷಮೆಯೂ ಇರಬೇಕು. ಜಗಳ ಹುಟ್ಟಿದರೆ ಅಡಗಿಸುವ ಹೊಣೆ ಅವನದು. ಎಂಟುನೂರು ವರ್ಷಗಳ ಹಿಂದಿನ ಈ ಪಟ್ಟಿಗೆ ಇಂದಿನ ಕಾರ್ಯದರ್ಶಿ ಗಡಿಯಾರವೊಂದನ್ನು ಸೇರಿಸಿಕೊಂಡರೆ ಸಾಕು.

ಆದರೂ ಈ ವಾದಿದೇವಸೂರಿಯ ಜೀವನದ ಹೆಸರಾಂತ ವಾದ ಏನಾಯಿತೆಂಬುದು ಗಮನಿಸತಕ್ಕದ್ದು. ಅಣಹಿಲಪಾಟಕದಲ್ಲಿ ಸಿದ್ಧರಾಜ ಜಯಸಿಂಹನ ಸಭೆಯಲ್ಲಿ ಆತನ ಎದುರಾಳಿಯಾಗಿ ನಿಂತವನು ಕರ್ಣಾಟಕದಿಂದ ಹೋದ ದಿಗಂಬರ ಪಂಡಿತ ಕುಮುದಚಂದ್ರ. ಸೋತ ಪಕ್ಷ ನಾಡನ್ನೇ ಬಿಡಬೇಕೆಂಬ ಪಣವಿತ್ತೆಂದು ಹೇಳುತ್ತಾರೆ. ನಮ್ಮವನು ಸೋತನೆಂಬುದನ್ನು ನಾವು ತಿಳಿಯುವುದು ಶ್ವೇತಾಂಬರ ಗ್ರಂಥಗಳಿಂದ. ಯಶಶ್ಚಂದ್ರನೆಂಬ ಕವಿ ಈ ಪ್ರಸಂಗವನ್ನು ನಾಟಕವಾಗಿಯೇ ಬರೆದ. ಅದರ ಹೆಸರು ‘ಮುದ್ರಿತಕುಮುದಚಂದ್ರ’. ಅಲ್ಲಿಯೂ ಬಾಯಿಗೆ ಮುದ್ರೆ! ನಿಯಮಗಳನ್ನು ಅಷ್ಟು ಚೆನ್ನಾಗಿ ಬರೆದವನ ಗೆಲುವನ್ನೂ ಲೋಕ ನೆನಪಿನಲ್ಲಿಟ್ಟಿರುವುದು ಸೋತವನ ಮುಚ್ಚಿದ ಬಾಯಿಯ ಚಿತ್ರದಿಂದ.

ಪಣ ಕಟ್ಟಿದ ವಾದ ಎಲ್ಲಿಗೆ ಹೋಗಿ ಮುಟ್ಟೀತೆಂಬುದಕ್ಕೆ ಗುಜರಾತಿನವರೆಗೆ ಹೋಗಬೇಕಾಗಿಯೂ ಇಲ್ಲ. ಶಿಕಾರಿಪುರಕ್ಕೆ ನೆರೆಯ ಹಿರೇಕೆರೂರು ಸೀಮೆಯಲ್ಲಿ ಅಬ್ಬಲೂರಿದೆ. ಅಲ್ಲಿನ ದೇಗುಲದಲ್ಲಿ ಸುಮಾರು 1200ರ ಒಂದು ಶಾಸನವಿದ್ದು, ಏಕಾಂತದ ರಾಮಯ್ಯನ ಕಥೆಯನ್ನು ಹೇಳುತ್ತದೆ. ರಾಮಯ್ಯನಿಗೂ ಅಲ್ಲಿನ ಜೈನರಿಗೂ ಮಾತು ಬೆಳೆಯಿತು. ರಾಮಯ್ಯ ತನ್ನ ತಲೆಯನ್ನು ಕೊಯ್ದು ಶಿವನಿಗೊಪ್ಪಿಸಿ ಮರಳಿ ಪಡೆದರೆ ತಮ್ಮ ಜಿನಬಿಂಬವನ್ನು ತೆಗೆದು ಶಿವನನ್ನು ನಿಲ್ಲಿಸುವೆವೆಂದು ಜೈನರು ಓಲೆ ಬರೆದುಕೊಟ್ಟರಂತೆ. ತಲೆ ಮರಳಿ ಬಂದಿತೆಂದೂ, ಜೈನರು ಮಾತಿಗೆ ತಪ್ಪಿದರೆಂದೂ, ರಾಮಯ್ಯ ಬಿಂಬವನ್ನು ಒಡೆದನೆಂದೂ, ದೂರು ಬಿಜ್ಜಳನ ಮುಂದೆ ಬಂದಾಗ ಅರಸನು ಓಲೆಯನ್ನು ನೋಡಿ ರಾಮಯ್ಯನಿಗೇ ಜಯಪತ್ರವನ್ನು ಕೊಟ್ಟನೆಂದೂ ಶಾಸನ ಹೇಳುತ್ತದೆ. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಇತಿಹಾಸದ ಓದುಗನ ಕಣ್ಣಿಗೆ ಬೀಳುವುದು ಇನ್ನೊಂದು: ಈ ಇಡೀ ಪ್ರಸಂಗದಲ್ಲಿ ವಾದವೇ ಇಲ್ಲ. ಪ್ರತಿಜ್ಞೆಯಿಲ್ಲ, ಹೇತುವಿಲ್ಲ, ಇಬ್ಬರಿಗೂ ಒಪ್ಪಿಗೆಯಾದ ಸಭ್ಯರಿಲ್ಲ. ಇರುವುದು ಪಣ, ಓಲೆ, ಒಡೆದ ಬಿಂಬ, ಜಯಪತ್ರ. ಈ ಶಾಸನವನ್ನು ಬರೆಸಿದವರೂ ಗೆದ್ದ ಪಕ್ಷದವರೇ. ಜೈನರ ಮಾತನ್ನು ಅಲ್ಲಿ ಕೇಳುವವರಿಲ್ಲ.

ಇದೇ ಬಿಜ್ಜಳನು 1162ರಲ್ಲಿ ಬಳ್ಳಿಗಾವಿಯ ಕೋಡಿಯ ಮಠಕ್ಕೆ ದಾನ ಕೊಟ್ಟಿದ್ದ. ಆ ದಾನಶಾಸನ ನಮ್ಮ ನಾಡಿನ ವಿದ್ಯೆಯ ಚರಿತ್ರೆಯಲ್ಲಿ ಮರೆಯಲಾಗದ್ದು. ಮಠದಲ್ಲಿ ನಾಲ್ಕು ವೇದಗಳ, ಪಾಣಿನಿ ಶಾಕಟಾಯನರ ವ್ಯಾಕರಣಗಳ, ಪುರಾಣ ಧರ್ಮಶಾಸ್ತ್ರ ಕಾವ್ಯ ನಾಟಕಗಳ ಪಾಠವಿತ್ತು. ಮುಖ್ಯವಾಗಿ, ನ್ಯಾಯ ವೈಶೇಷಿಕ ಮೀಮಾಂಸೆ ಸಾಂಖ್ಯಗಳ ಜೊತೆಗೆ ಬೌದ್ಧದರ್ಶನದ ವ್ಯಾಖ್ಯಾನವೂ ಅಲ್ಲಿತ್ತು. ದೀನರು, ಕುರುಡರು, ಕುಂಟರು, ಗಾಯಕರು, ವಾದ್ಯಗಾರರು ಇವರೊಡನೆ ಜೈನ ಕ್ಷಪಣಕರಿಗೂ ಏಕದಂಡಿ ತ್ರಿದಂಡಿ ಸಂನ್ಯಾಸಿಗಳಿಗೂ ಅಲ್ಲಿ ಅನ್ನ ಸಿಕ್ಕುತ್ತಿತ್ತು. ರೋಗಿಗಳಿಗೆ ಔಷಧವಿತ್ತು. ಸಮಸ್ತ ಪ್ರಾಣಿಗಳಿಗೂ ಅದು ಅಭಯಸ್ಥಾನವೆಂದು ಶಾಸನ ಸಾರುತ್ತದೆ. ಬೌದ್ಧರ ಕಡಲನ್ನು ಸುಟ್ಟೆವೆಂದು ಊರಿನ ಒಂದು ಕಲ್ಲಿನ ಮೇಲೆ ಬರೆಸಿಕೊಂಡ ಅದೇ ಕಾಳಾಮುಖರು, ಅದೇ ಊರಿನ ಇನ್ನೊಂದು ಮಠದಲ್ಲಿ ಬೌದ್ಧರ ಶಾಸ್ತ್ರವನ್ನು ಕೂತು ಓದುತ್ತಿದ್ದರು. ವಾದದಲ್ಲಿ ಎದುರಾಗುತ್ತಿದ್ದ ಕ್ಷಪಣಕರಿಗೆ ಎಲೆ ಹಾಕುತ್ತಿದ್ದರು.

ಬಳ್ಳಿಗಾವಿಗೂ ಅಬ್ಬಲೂರಿಗೂ ಇರುವ ದೂರ ನೆಲದ ಮೇಲೆ ಹೆಚ್ಚಿನದಲ್ಲ. ಎರಡೂ ಕಡೆ ಶಿವಭಕ್ತರೇ, ಎರಡೂ ಕಡೆ ಬಿಜ್ಜಳನೇ. ಆದರೆ ಎದುರಾಳಿಯ ಪುಸ್ತಕ ತನ್ನ ಮನೆಯ ಕಪಾಟಿನಲ್ಲಿ ಇರುವ ಊರು ಒಂದು. ಎದುರಾಳಿಯ ದೇವರು ಪಣದ ವಸ್ತುವಾದ ಊರು ಇನ್ನೊಂದು. ವಾದಸಭೆಯನ್ನು ನಡೆಸುವವರು ಈ ಎರಡರಲ್ಲಿ ಯಾವುದನ್ನು ಕಟ್ಟುತ್ತಿದ್ದೇವೆಂದು ಮೊದಲೇ ಕೇಳಿಕೊಳ್ಳಬೇಕು. ಏಕೆಂದರೆ ಅದನ್ನು ನಿರ್ಣಯಿಸುವುದು ಭಾಷಣಕಾರರ ಪ್ರತಿಭೆಯಲ್ಲ, ಸಭೆಯ ಏರ್ಪಾಡು.

ಸೊರಬದ ಕಡೆಯಿಂದಲೂ ಒಂದು ಮಾತನ್ನು ಸೇರಿಸಬಹುದು. ಆನವಟ್ಟಿಯ ಬಳಿಯ ಕುಬಟೂರು ಹಿಂದೆ ಕುಪ್ಪಟೂರೆಂಬ ದೊಡ್ಡ ಅಗ್ರಹಾರ. ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಅಲ್ಲಿ ಪಾರ್ಶ್ವನಾಥನ ಚೈತ್ಯಾಲಯವನ್ನು ಮಾಡಿಸಿದಳು. ಅಗ್ರಹಾರದ ಬ್ರಾಹ್ಮಣರನ್ನು ಮನ್ನಿಸಿ ಅವರಿಂದಲೇ ಅದಕ್ಕೆ ಹೆಸರಿಡಿಸಿದಳು. ಅವರು ಇಟ್ಟ ಹೆಸರು ‘ಬ್ರಹ್ಮಜಿನಾಲಯ’. ಬೇರೆ ಮತದ ವಿದ್ವಾಂಸರ ಬಾಯಿಂದಲೇ ತನ್ನ ಗುಡಿಯ ಹೆಸರು ಬರುವಂತೆ ಮಾಡಿದ ಆ ರಾಣಿಗೆ ಸಭೆ ನಡೆಸುವ ಕಲೆ ಚೆನ್ನಾಗಿ ತಿಳಿದಿರಬೇಕು. ಅಲ್ಲಿ ಯಾರ ಬಾಯಿಗೂ ಮುದ್ರೆ ಬೀಳಲಿಲ್ಲ.

ಇನ್ನು ಶಿಕಾರಿಪುರದ ಮಣ್ಣಿನವರೇ ಆದ ಇಬ್ಬರನ್ನು ಬಿಡುವಂತಿಲ್ಲ. ಸಂಪ್ರದಾಯದ ಪ್ರಕಾರ ಅಲ್ಲಮಪ್ರಭು ಬಳ್ಳಿಗಾವಿಯವನು, ಅಕ್ಕಮಹಾದೇವಿ ಉಡುತಡಿಯವಳು. ಇವರಿಬ್ಬರೂ ಕಲ್ಯಾಣದಲ್ಲಿ ಎದುರಾದ ಪ್ರಸಂಗವನ್ನು ಹದಿನೈದನೆಯ ಶತಮಾನದ ‘ಶೂನ್ಯಸಂಪಾದನೆ’ ವಿಸ್ತಾರವಾಗಿ ಕಟ್ಟಿಕೊಡುತ್ತದೆ. ಪೀಠದಲ್ಲಿರುವ ಹಿರಿಯ ಕೇಳುತ್ತಾನೆ. ಒಂಟಿಯಾಗಿ ಬಂದ ಹೆಣ್ಣು ನಿಂತು ಉತ್ತರ ಹೇಳುತ್ತಾಳೆ. ಪ್ರಶ್ನೆಗಳಲ್ಲಿ ಕನಿಕರವಿಲ್ಲ, ಉತ್ತರಗಳಲ್ಲಿ ಅಳುಕಿಲ್ಲ. ಕೊನೆಗೆ ಜಯಪತ್ರವನ್ನು ಯಾರಿಗೂ ಬರೆಯುವುದಿಲ್ಲ. ಕೇಳಿದವನೇ ಉತ್ತರಿಸಿದವಳನ್ನು ಗೌರವಿಸುತ್ತಾನೆ. ಗ್ರಂಥ ಘಟನೆಗಿಂತ ಬಹಳ ಈಚಿನದು. ಆದರೂ ಒಳ್ಳೆಯ ಸಭೆಯೆಂದರೆ ಹೇಗಿರಬೇಕೆಂದು ಕನ್ನಡಿಗರು ಕಂಡ ಕನಸು ಅದರಲ್ಲಿದೆ.

ಈಗಿನ ಕಾಲದ ಭಾಷಣಸಂಘಗಳೂ ಅನುಭವದಿಂದ ಹಳೆಯ ನಿಯಮಗಳ ಕಡೆಗೇ ಬಂದು ಮುಟ್ಟಿವೆ. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಈಗ ನಮ್ಮ ನಗರಗಳಲ್ಲೂ ಹರಡಿರುವ ಟೋಸ್ಟ್‌ಮಾಸ್ಟರ್ಸ್ ಸಂಘಗಳ ಸ್ಪರ್ಧೆಯಲ್ಲಿ ಸಿದ್ಧಭಾಷಣಕ್ಕೆ 5ರಿಂದ 7 ನಿಮಿಷ. ಆಚೀಚೆ ಅರ್ಧ ನಿಮಿಷ ವಿನಾಯಿತಿ, ಮೀರಿದರೆ ಅನರ್ಹ. ಹಸಿರು, ಹಳದಿ, ಕೆಂಪು ದೀಪಗಳೇ ಸಮಯಪಾಲಕರ ನಾಲಗೆ. ಅಂಕಗಳು ಸಮವಾದರೆ ಗಂಟು ಬಿಡಿಸಲೆಂದು ಒಬ್ಬ ತೀರ್ಪುಗಾರರನ್ನು ಗುಟ್ಟಾಗಿ ನೇಮಿಸಿರುತ್ತಾರೆ. ಮಾತು ಹೊನಲಾಗಿ ಹರಿಯಬೇಕಾದರೆ ದಡಗಳು ಗಟ್ಟಿಯಾಗಿರಬೇಕೆಂಬುದು ಎಲ್ಲ ದೇಶದವರಿಗೂ ತಿಳಿದ ಸಂಗತಿ.

ಆದ್ದರಿಂದ ಸ್ಪರ್ಧೆ ನಡೆಸಹೊರಟ ಸಂಘಕ್ಕೆ ಬಳ್ಳಿಗಾವಿ ಸೀಮೆಯ ಕಲ್ಲುಗಳು ಕೊಡುವ ಸಲಹೆ ಇಷ್ಟು. ಎರಡು ಕಡೆಯೂ ಪ್ರಾಮಾಣಿಕವಾಗಿ ಮಾತನಾಡಬಹುದಾದ ವಿಷಯವನ್ನು ಆರಿಸಿರಿ. ಒಂದು ಪಕ್ಷ ಮೊದಲೇ ಸೋತಿರುವ ವಿಷಯ ಚರ್ಚೆಗಲ್ಲ, ಮೆರವಣಿಗೆಗೆ ಯೋಗ್ಯ. ತೀರ್ಪುಗಾರರ ಹೆಸರನ್ನು ಮುಂಚೆಯೇ ಹೇಳಿ ಇಬ್ಬರ ಒಪ್ಪಿಗೆಯನ್ನೂ ಪಡೆಯಿರಿ. ಯಾರು ಮೊದಲು ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡಿರಿ. ಧ್ವನಿಗೆ, ಹಾವಭಾವಕ್ಕೆ ಕೊಡುವ ಅಂಕಗಳಲ್ಲಿ ಒಂದಿಷ್ಟನ್ನು ತೆಗೆದು, ಎದುರಾಳಿಯ ವಾದವನ್ನು ವಕ್ರಮಾಡದೆ ತಿರುಗಿ ಹೇಳಿದವರಿಗೆ ಕೊಡಿರಿ. ಫಲಿತಾಂಶವನ್ನು ಕಾರಣಗಳೊಡನೆ ಓದಿರಿ. ಸೋತವರ ವಾದದ ಸಾರವನ್ನೂ ವರದಿಯಲ್ಲಿ ನಾಲ್ಕು ಸಾಲಾದರೂ ಬರೆಯಿರಿ. ಮುಂದೆ ಯಾರಾದರೂ ಆ ವರದಿಯನ್ನು ತೆರೆದಾಗ ಬರಿಯ ಬಿರುದುಗಳಲ್ಲದೆ ಮಾತೂ ಸಿಕ್ಕಲಿ.

ಲಕುಳೀಶ್ವರ ಪಂಡಿತರು ವಾದಿರಾಜನಿಗೆ ಏನು ಹೇಳಿದರು, ವಾದಿರಾಜನು ಏನೆಂದು ಮರುನುಡಿದನು ಎಂಬುದು ಸಿಕ್ಕಿದ್ದರೆ ಆ ಉಪಮೆಗಳನ್ನೆಲ್ಲ ಬಿಟ್ಟುಕೊಡಲು ಯಾವ ಇತಿಹಾಸಕಾರನೂ ಸಿದ್ಧನಾದಾನು. ಕಾರ್ಯದರ್ಶಿಯೊಬ್ಬ ಆ ಸಭೆಯಲ್ಲಿ ಕೂತು ನಾಲ್ಕು ಓಲೆ ಬರೆದಿಟ್ಟಿರಲಿಲ್ಲವಲ್ಲ ಎಂಬುದೇ ಕೊರತೆ.